ಮೆದುಳಿನ ಚುಚ್ಚುಮದ್ದೂ ಮೊದಲ ನಾಲ್ಕೂವರೆ ತಾಸೂ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಕರ್ನಾಟಕ ಸರ್ಕಾರ.
ವಿಷಯ: ಮೆದುಳು ಚುರುಕಾಗಿಸುವ ಹೆಸರಿನ ಪೆಪ್ಟೈಡ್‌ಗಳು ಮತ್ತು ಕಾರವಾರ, ಅಂಕೋಲಾ ತಾಲೂಕುಗಳ ಮೆದುಳಿನ ಆರೋಗ್ಯ.

ಅಮೈನೊ ಆಮ್ಲಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಾಗ ಆಗುವ ಚಿಕ್ಕ ಸರಪಳಿಯೇ ಪೆಪ್ಟೈಡ್. ಸರಪಳಿ ಉದ್ದವಾದರೆ ಅದು ಪ್ರೋಟೀನ್. ಇನ್ಸುಲಿನ್ ಮತ್ತು ಆಕ್ಸಿಟೋಸಿನ್ ಎರಡೂ ಪೆಪ್ಟೈಡ್‌ಗಳೇ. ಒಂದು ಸಕ್ಕರೆ ಕಾಯಿಲೆಯವರ ಜೀವ ಕಾಯುತ್ತದೆ, ಇನ್ನೊಂದು ಹೆರಿಗೆ ಕೋಣೆಯಲ್ಲಿ ನಿತ್ಯ ಬಳಕೆಯಲ್ಲಿದೆ. ಹಾಗಾಗಿ ಪೆಪ್ಟೈಡ್ ಎಂದ ಕೂಡಲೇ ಅನುಮಾನಪಡಬೇಕಾಗಿಲ್ಲ. ನೆನಪು ಹೆಚ್ಚುತ್ತದೆ, ಏಕಾಗ್ರತೆ ಬರುತ್ತದೆ, ಮುಪ್ಪಿನ ಮರೆವು ದೂರವಾಗುತ್ತದೆ ಎಂದು ಹೇಳಿ ಮಾರುವ ಪೆಪ್ಟೈಡ್‌ಗಳ ಮಾತು ಬೇರೆ.

ಇವನ್ನು ಗುಳಿಗೆಯಂತೆ ನುಂಗಿದರೆ ಹೆಚ್ಚಿನವು ಜಠರ, ಕರುಳಿನಲ್ಲೇ ಜೀರ್ಣವಾಗಿಹೋಗುತ್ತವೆ. ರಕ್ತಕ್ಕೆ ಸೇರಿದ ಮೇಲೂ, ರಕ್ತನಾಳ ಮತ್ತು ಮೆದುಳಿನ ನಡುವಿನ ರಕ್ಷಣಾ ತಡೆಯನ್ನು ದಾಟುವುದು ಸುಲಭವಲ್ಲ. ಅದಕ್ಕೇ ಇವು ಮೂಗಿನ ಹನಿಯಾಗಿಯೋ ಚುಚ್ಚುಮದ್ದಾಗಿಯೋ ಬರುತ್ತವೆ. ಹೆಚ್ಚು ಹೆಸರಾದದ್ದು ರಷ್ಯಾದಲ್ಲಿ ರೂಪುಗೊಂಡ ಸೆಮ್ಯಾಕ್ಸ್, ಏಳು ಅಮೈನೊ ಆಮ್ಲಗಳ ಸರಪಳಿ. ಎಸಿಟಿಎಚ್ ಎಂಬ ಹಾರ್ಮೋನಿನ ಒಂದು ತುಣುಕನ್ನು ಆಧರಿಸಿ ಅದನ್ನು ಕಟ್ಟಲಾಗಿದೆ. ರಷ್ಯಾದಲ್ಲಿ ಅದು ಪಾರ್ಶ್ವವಾಯುವಿಗೂ ಬಳಕೆಯಾಗುವ ಔಷಧ. ಅಮೆರಿಕದ ಎಫ್‌ಡಿಎ ಅನುಮೋದನೆ ಅದಕ್ಕಿಲ್ಲ. ಮನುಷ್ಯರ ಮೇಲಿನ ಅಧ್ಯಯನಗಳು ಚಿಕ್ಕವು, ಬಹುತೇಕ ರಷ್ಯಾದಲ್ಲೇ ನಡೆದವು. ಆರೋಗ್ಯವಂತ ವಿದ್ಯಾರ್ಥಿಯೊಬ್ಬ ವರ್ಷಗಟ್ಟಲೆ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ.

ಅಂತರ್ಜಾಲದಲ್ಲಿ ಸಿಗುವ ಇಂಥ ಪೆಪ್ಟೈಡಿನ ಸೀಸೆ ಹೆಬ್ಬೆರಳಿನಷ್ಟೇ ದೊಡ್ಡದು. ತಳದಲ್ಲಿ ಬಿಳಿ ಪುಡಿ, ಮೇಲೆ ರಬ್ಬರಿನ ಬಿರಡೆ. ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ ಎಂದು ಚೀಟಿಯ ಮೇಲೆ ಅಚ್ಚಾಗಿರುತ್ತದೆ. ಕೊಂಡವರು ಅದಕ್ಕೆ ಶುದ್ಧ ನೀರು ಸೇರಿಸಿ ಇನ್ಸುಲಿನ್ ಸಿರಿಂಜಿನಿಂದ ತಾವೇ ಚುಚ್ಚಿಕೊಳ್ಳುತ್ತಾರೆ. ಒಳಗಿರುವುದು ಚೀಟಿಯಲ್ಲಿ ಬರೆದ ವಸ್ತುವೇ, ಪ್ರಮಾಣ ಎಷ್ಟು, ಸೋಂಕುರಹಿತವೇ ಎಂದು ತಿಳಿಯುವ ದಾರಿ ಅವರಿಗಿಲ್ಲ. ಕರಗಿಸಿದ ಪೆಪ್ಟೈಡ್ ತಂಪಿನಲ್ಲೇ ಇರಬೇಕು. ಮಳೆಗಾಲದಲ್ಲಿ ಕರೆಂಟು ಕೈಕೊಡುವ ಕರಾವಳಿಯ ಊರುಗಳಲ್ಲಿ ಅದಕ್ಕೂ ಖಾತರಿಯಿಲ್ಲ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಪ್ರಕಾರ ಔಷಧ ಮಾರಲು ಪರವಾನಗಿ ಬೇಕು. ಸಂಶೋಧನೆಗೆ ಮಾತ್ರ ಎಂಬ ಚೀಟಿಯ ಮರೆಯಲ್ಲಿ ಔಷಧವೊಂದು ಕೊರಿಯರ್ ಮೂಲಕ ಮನೆ ಬಾಗಿಲಿಗೆ ಬರುವುದನ್ನು ತಡೆಯುವುದು ಔಷಧ ನಿಯಂತ್ರಣಾಧಿಕಾರಿಗಳ ಕೆಲಸ.

ಆದರೆ ಬಡ ಮನೆಯ ಹಣ ಹೋಗುವುದು ಈ ಸೀಸೆಗಳಿಗಲ್ಲ. ವೈದ್ಯರ ಚೀಟಿಯ ಮೇಲೆಯೇ, ಕಾನೂನುಬದ್ಧವಾಗಿ ಬರುವ ಇನ್ನೊಂದು ಪೆಪ್ಟೈಡ್ ಮದ್ದಿದೆ. ಹಂದಿಯ ಮೆದುಳಿನ ಪ್ರೋಟೀನನ್ನು ಕಿಣ್ವಗಳಿಂದ ಒಡೆದು ತಯಾರಿಸುವ ಇದಕ್ಕೆ ಆಸ್ಟ್ರಿಯಾದಲ್ಲಿ ಸೆರೆಬ್ರೊಲೈಸಿನ್ ಎಂಬ ಹೆಸರು. ಭಾರತದಲ್ಲಿ ಇದೇ ಬಗೆಯ ಮದ್ದು ಸೆರೆಬ್ರೊಪ್ರೋಟೀನ್ ಹೈಡ್ರೊಲೈಸೇಟ್ ಎಂದು ಸಿಗುತ್ತದೆ. ಲಕ್ವ ಹೊಡೆದ ಮೇಲೆ, ಮರೆವಿನ ಕಾಯಿಲೆಯಲ್ಲಿ, ದಿನಕ್ಕೊಂದರಂತೆ ಹಲವು ದಿನ ಕೊಡಲಾಗುತ್ತದೆ. ಪಾರ್ಶ್ವವಾಯುವಿನಲ್ಲಿ ಸೆರೆಬ್ರೊಲೈಸಿನ್ ಬಳಕೆಯ ಬಗ್ಗೆ ಕಾಕ್ರೇನ್ ಸಂಸ್ಥೆ ಏಳು ಪ್ರಯೋಗಗಳನ್ನು, ಒಂದೂವರೆ ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ಪರಿಶೀಲಿಸಿದೆ. ಸಾವು ತಪ್ಪಿಸುವುದರಲ್ಲಿ ಪ್ರಯೋಜನ ಕಾಣಲಿಲ್ಲ. ಮಾರಕವಲ್ಲದ ಗಂಭೀರ ಅಡ್ಡಪರಿಣಾಮಗಳು ಹೆಚ್ಚಬಹುದು ಎಂಬ ಸೂಚನೆ ಮಾತ್ರ ಕಂಡಿತು. ರಕ್ತನಾಳದ ತೊಂದರೆಯಿಂದ ಬರುವ ಮರೆವಿನಲ್ಲಿ ಅಲ್ಪ ಸುಧಾರಣೆಯ ಸುಳಿವು ಇದೆ, ಆದರೆ ಪುರಾವೆ ದುರ್ಬಲ. ಸಾಲ ಮಾಡಿ ಚುಚ್ಚುಮದ್ದು ತರುವ ಮನೆಯವರಿಗೆ ಇಷ್ಟನ್ನಾದರೂ ಕನ್ನಡದಲ್ಲಿ, ಕೊಂಕಣಿಯಲ್ಲಿ ಮೊದಲೇ ಹೇಳಬೇಕು. ಮದ್ದು ಹಂದಿಯ ಮೆದುಳಿನದು ಎಂಬುದನ್ನೂ ಮುಚ್ಚಿಡಬಾರದು. ಸಸ್ಯಾಹಾರಿಗಳಿಗೂ ಮುಸ್ಲಿಮರಿಗೂ ಅದನ್ನು ತಿಳಿದುಕೊಂಡು ಒಪ್ಪುವ ಅಥವಾ ಬೇಡವೆನ್ನುವ ಹಕ್ಕಿದೆ.

ಮೆದುಳನ್ನು ನಿಜವಾಗಿ ಉಳಿಸುವುದು ಮೊದಲ ನಾಲ್ಕೂವರೆ ತಾಸು. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದ ಪಾರ್ಶ್ವವಾಯುವಿನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಸಿಟಿ ಸ್ಕ್ಯಾನ್ ಮಾಡಿ, ರಕ್ತಸ್ರಾವ ಇಲ್ಲವೆಂದು ಖಚಿತಪಡಿಸಿಕೊಂಡು, ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಅಥವಾ ಟೆನೆಕ್ಟಿಪ್ಲೇಸ್ ಕೊಡಲು ಸಾಮಾನ್ಯವಾಗಿ ಇರುವ ಅವಧಿ ಅಷ್ಟೇ. ಬಾಯಿ ಸೊಟ್ಟಗಾಗುವುದು, ಒಂದು ಕೈ ಜೋತುಬೀಳುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಗುರುತುಗಳು. ಅಂಕೋಲಾ ತಾಲೂಕಿನ ಬೆಳಂಬಾರ ಪಾರ್ಶ್ವವಾಯುವಿನ ನಾಟಿ ಔಷಧಕ್ಕೆ ದೂರದೂರದವರೆಗೆ ಹೆಸರಾದ ಊರು. ಅಲ್ಲಿಗೆ ಬರುವವರ ನಂಬಿಕೆಯನ್ನು ಹೀಗಳೆಯುವುದರಿಂದ ಯಾರಿಗೂ ಲಾಭವಿಲ್ಲ. ಮೊದಲು ಸ್ಕ್ಯಾನ್, ಆಮೇಲೆ ಬೇರೆಲ್ಲ ಎಂಬ ಒಂದು ಮಾತನ್ನು ನಾಟಿ ವೈದ್ಯರ ಬಾಯಿಂದಲೇ ಹೇಳಿಸಿದರೆ ಅದು ಯಾವ ಜಾಹೀರಾತಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಈ ಭಾಗದಲ್ಲಿ ಆ ನಾಲ್ಕೂವರೆ ತಾಸು ರಸ್ತೆಯ ಮೇಲೆಯೇ ಕಳೆದುಹೋಗುತ್ತದೆ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಅಂಕೋಲೆಯಿಂದ ಸುಮಾರು 35 ಕಿ.ಮೀ. ಅದಕ್ಕಿಂತ ಹೆಚ್ಚಿನ ಚಿಕಿತ್ಸೆ ಬೇಕೆಂದರೆ ಉತ್ತರಕ್ಕೆ ಗೋವಾ, ದಕ್ಷಿಣಕ್ಕೆ ಮಣಿಪಾಲ, ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತು, ದಕ್ಷಿಣದ ದಾರಿ ಕಡಿಯಿತು. ಮೂರು ವಾರ ಕಳೆಯುವಷ್ಟರಲ್ಲಿ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು, ಗೋವಾದ ದಾರಿಯ ಹೊಸ ಸೇತುವೆಯ ಮೇಲೂ ಕೆಲಹೊತ್ತು ಸಂಚಾರ ನಿಂತಿತು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ಎತ್ತಿದ ದನಿ ಅತಿಯಾಸೆಯದ್ದಲ್ಲ ಎಂಬುದನ್ನು ಆ ಒಂದು ಮಳೆಗಾಲ ತೋರಿಸಿಕೊಟ್ಟಿದೆ.

ಮರೆವಿನ ವಿಷಯದಲ್ಲೂ ದಾರಿ ಸೀಸೆಯಲ್ಲಿಲ್ಲ. ಬದುಕಿನುದ್ದಕ್ಕೂ ತಿದ್ದಬಹುದಾದ 14 ಕಾರಣಗಳನ್ನು ನಿವಾರಿಸಿದರೆ ಡಿಮೆನ್ಶಿಯಾ ಪ್ರಕರಣಗಳಲ್ಲಿ ಸುಮಾರು ಶೇ 45ರಷ್ಟನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂದು 2024ರಲ್ಲಿ ಲ್ಯಾನ್ಸೆಟ್ ಆಯೋಗ ಅಂದಾಜಿಸಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು, ಮದ್ಯ, ಕಿವುಡು, ತಲೆಗೆ ಪೆಟ್ಟು, ಒಂಟಿತನ ಎಲ್ಲವೂ ಆ ಪಟ್ಟಿಯಲ್ಲಿವೆ. ಗಂಜಿಯ ಜೊತೆ ಉಪ್ಪು ಹಾಕಿ ಒಣಗಿಸಿದ ಮೀನು ತಿನ್ನುವ, ಬೋಟಿನ ಇಂಜಿನ್ ಸದ್ದಿನ ಪಕ್ಕದಲ್ಲೇ ದುಡಿಯುವ ಬಂದರಿನ ಜನರಿಗೆ ಬಿ.ಪಿ. ತಪಾಸಣೆ ಮತ್ತು ಕಿವಿ ಪರೀಕ್ಷೆಯಷ್ಟು ಹತ್ತಿರದ ಮೆದುಳು ರಕ್ಷಣೆ ಬೇರೊಂದಿಲ್ಲ. ಓದುವ ಮಕ್ಕಳಿಗೆ ಬೇಕಾದದ್ದು ನಿದ್ದೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ.

ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮ ಈ ಕೆಲಸಕ್ಕೆ ಸರಿಯಾದ ವೇದಿಕೆ. ಅದರಡಿ ಕಾರವಾರದಲ್ಲಿ ಹಗಲಿರುಳೂ ಸಿಟಿ ಸ್ಕ್ಯಾನ್, ಹೆಪ್ಪು ಕರಗಿಸುವ ಮದ್ದಿನ ಉಚಿತ ದಾಸ್ತಾನು, ಸ್ಕ್ಯಾನ್ ಚಿತ್ರವನ್ನು ಕೂಡಲೇ ನೋಡಿ ಹೇಳುವ ನರರೋಗ ತಜ್ಞರ ಸಂಪರ್ಕ ಇರಬೇಕು. ಅಂಕೋಲಾ ತಾಲೂಕು ಆಸ್ಪತ್ರೆಯ ಸಿಬ್ಬಂದಿಗೂ 108 ಆಂಬುಲೆನ್ಸಿನವರಿಗೂ ಲಕ್ವದ ಗುರುತುಗಳ ತರಬೇತಿ ಆಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಸೆರೆಬ್ರೊಪ್ರೋಟೀನ್ ಬರೆಯುವ ಮುನ್ನ ಅದರ ಮೂಲ, ಖರ್ಚು, ಪುರಾವೆ ಮೂರನ್ನೂ ತಿಳಿಸುವ ಒಪ್ಪಿಗೆ ಪತ್ರ ಕಡ್ಡಾಯವಾಗಬೇಕು. ಎಷ್ಟು ರೋಗಿಗಳಿಗೆ, ಯಾವ ಕಾರಣಕ್ಕೆ ಅದನ್ನು ಬರೆಯಲಾಯಿತು ಎಂಬ ಲೆಕ್ಕ ಪ್ರತಿ ಮೂರು ತಿಂಗಳಿಗೊಮ್ಮೆ ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿಗೆ ತಲುಪಬೇಕು.