ಪಾಮರೋಸಾ ಕೊಯ್ಯುವ ದಿನ ಯಾರು ಹೇಳಬೇಕು?

ನಮ್ಮದು ಮಳೆ ನಂಬಿದ ಕೆಂಪು ಮಣ್ಣಿನ ಹೊಲ. ಶೇಂಗಾ ಎರಡು ವರ್ಷ ಕೈಕೊಟ್ಟ ಮೇಲೆ 2 ಎಕರೆಗೆ ಪಾಮರೋಸಾ ಹುಲ್ಲು ಹಾಕಿದೆ. ಬೆಳೆಯೋದೇನೂ ಕಷ್ಟವಾಗಲಿಲ್ಲ. ನಾನು ಸೋತದ್ದು ಕೊಯ್ಯುವ ದಿನದಲ್ಲಿ.

ಮೊದಲ ಕೊಯ್ಲಿಗೆ ಎಣ್ಣೆ ಭಟ್ಟಿಯವರು "ನಾಡಿದ್ದು ನಿಮ್ಮ ಸರದಿ, ತಪ್ಪಿದ್ರೆ ಇನ್ನು ಮೂರು ವಾರ" ಅಂದರು. ತೆನೆ ಆಗಷ್ಟೇ ಇಣುಕುತ್ತಿತ್ತು. ಹೆದರಿ ಕೊಯ್ದೆ. 4 ಟನ್ ಹುಲ್ಲಿಗೆ ಸಿಕ್ಕಿದ್ದು 9 ಕಿಲೋ ಎಣ್ಣೆ. ಎರಡನೇ ಸಲ ಹಟ ಹಿಡಿದು, ಹೂವು ಅರಳಿ ವಾರ ಕಳೆದ ಮೇಲೆ ಕುಡುಗೋಲು ಹಾಕಿದೆ. ಹುಲ್ಲು ಮೂರೂವರೆ ಟನ್, ಎಣ್ಣೆ 14 ಕಿಲೋ! ಮಳೆ ಬಿಸಿಲಿನ ವ್ಯತ್ಯಾಸವೂ ಸ್ವಲ್ಪ ಇದ್ದೀತು. ಆದರೆ ಹೊಲ ಅದೇ, ಭಟ್ಟಿಯೂ ಅದೇ.

ಪಾಮರೋಸಾದಲ್ಲಿ ಎಣ್ಣೆ ಹೆಚ್ಚಿರೋದು ಹೂತೆನೆಯಲ್ಲಿ. ಎಲೆಯಲ್ಲಿ ಅದರ ಅರ್ಧದಷ್ಟು, ಕಡ್ಡಿಯಲ್ಲಿ ಇಲ್ಲವೆಂದೇ ಹೇಳಬೇಕು. ಹೂವು ಅರಳಿ 7ರಿಂದ 10 ದಿನದಲ್ಲಿ, ಕಾಳು ಕಟ್ಟುವ ಹೊತ್ತಿಗೆ ಕೊಯ್ದರೆ ಒಳ್ಳೆಯದು. ಕಾಳು ಉದುರುವವರೆಗೆ ಬಿಟ್ಟರೂ ನಷ್ಟವೇ. ನಿಂಬೆಹುಲ್ಲಿಗೆ ಈ ಲೆಕ್ಕ ಹಾಕಬೇಡಿ, ಅದು ಎಲೆಯ ಬೆಳೆ. ಪುದೀನ ಜಾತಿಯ ಮೆಂಥಾದಲ್ಲೂ ಎಣ್ಣೆ ಎಲೆಯಲ್ಲೇ. ಹೂ ಬರುವ ಕಾಲ ದಾಟಿಸಿ ಕಾದರೆ ಕೆಳಗಿನ ಎಲೆ ಉದುರಿಹೋಗುತ್ತೆ.

ಇಷ್ಟೆಲ್ಲ ಗೊತ್ತಿದ್ದೂ ನಾವು ಯಾಕೆ ತಪ್ಪುತ್ತೇವೆ? ಭಟ್ಟಿ ಬಾಡಿಗೆ ಟನ್ ಲೆಕ್ಕ. ಅವರಿಗೆ ಹೂವೂ ಒಂದೇ, ಕಡ್ಡಿಯೂ ಒಂದೇ. ಎಣ್ಣೆ ಕಮ್ಮಿಯಾದರೆ ಪೆಟ್ಟು ನಮಗೆ ಮಾತ್ರ. ಅವರನ್ನೂ ಬೈಯಲಾರೆ, ಭಟ್ಟಿ ಖಾಲಿ ಕೂತರೆ ಅವರ ಹೊಟ್ಟೆಪಾಡು ನಡೆಯಬೇಕಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಬಾಡಿಗೆಯನ್ನು ಬಂದ ಎಣ್ಣೆಯ ಮೇಲೆ, ಕಿಲೋಗೆ ಇಷ್ಟು ಅಂತ ಮಾತಾಡಿಕೊಳ್ಳೋಣ. ಆಗ ಅವರೂ ನಮ್ಮ ಹೊಲದ ಹೂವು ನೋಡ್ತಾರೆ. ನಾವೂ ಸುಮ್ಮನಿರಬಾರದು. ನಾಲ್ಕೈದು ಜನ ಸೇರಿ, ತೆನೆ ಕಂಡ ದಿನವೇ ಸರದಿ ಬರೆಸಬೇಕು. ಎಲ್ಲರ ಹುಲ್ಲೂ ಒಟ್ಟಿಗೇ ಹೂ ಬಿಡದಂತೆ ಹಿಂದಿನ ಕೊಯ್ಲನ್ನು ಹಿಂದೆ ಮುಂದೆ ಮಾಡಿಕೊಳ್ಳಬೇಕು. ಕೊಯ್ದ ಹುಲ್ಲನ್ನು ನೆರಳಲ್ಲಿ ತೆಳುವಾಗಿ ಹರಡಿ ಒಂದು ದಿನ ಬಾಡಿಸಿದರೆ ಸಾಗಾಟವೂ ಸೌದೆಯೂ ಉಳಿಯುತ್ತೆ. ರಾಶಿ ಹಾಕಿದರೆ ಕಾವೇರಿ ಕೆಡುತ್ತೆ.

ನಮ್ಮೂರಲ್ಲಿ ಈ ಮಾತೆತ್ತಿದಾಗ ಮೂವರು ಒಪ್ಪಿದರು, ಭಟ್ಟಿಯವರು "ನೋಡೋಣ" ಅಂದಿದ್ದಾರೆ. ನಿಮ್ಮ ಕಡೆ ಹೇಗೆ ನಡೆದಿದೆ? ಬರೆಯಿರಿ.