ಹಳೆ ಗಾಡಿಯ ಬೀಪ್ ಜೋರಾಗಲಿ, ಹಾರ್ನ್ ಅಲ್ಲ

ನಮ್ಮ ಮನೆಗಳಲ್ಲಿ ಗಾಡಿ ಸುಲಭಕ್ಕೆ ಹಳತಾಗುವುದಿಲ್ಲ. ಉಪ್ಪ ಓಡಿಸಿದ ಓಮ್ನಿಯನ್ನು ಮಗ ಓಡಿಸುತ್ತಾನೆ, ಅಣ್ಣನ ಸ್ಕೂಟರ್ ತಮ್ಮನಿಗೆ ಬರುತ್ತದೆ, ಅಂಗಡಿಗೆ ಮಾಲು ತರುವ ಪಿಕಪ್ ಹದಿನೈದು ವರ್ಷ ದಾಟಿದರೂ ಎಫ್‌ಸಿ ಮಾಡಿಸಿಕೊಂಡು ಓಡುತ್ತಲೇ ಇರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಗಾಡಿಗೆ ವಯಸ್ಸಾದ ಹಾಗೆ ಅದರ ಸ್ವರವೂ ಕುಗ್ಗುತ್ತದೆ. ಇಂಡಿಕೇಟರ್‌ನ ಟಿಕ್ ಟಿಕ್ ಕೇಳುವುದಿಲ್ಲ, ರಿವರ್ಸ್ ಬಜರ್ ನೆಗಡಿ ಹಿಡಿದವರ ಹಾಗೆ ಗೊರಗುಟ್ಟುತ್ತದೆ, ಹಾರ್ನ್ ಒತ್ತಿದರೆ ಕೋಳಿಮರಿ ಕೂಗಿದಂತೆ. ಆಗ ನಾವು ಮೊದಲು ಮಾಡುವ ಕೆಲಸ ಒಂದೇ: ಅಂಗಡಿಗೆ ಹೋಗಿ ಇನ್ನೂ ದೊಡ್ಡ ಹಾರ್ನ್ ತಂದು ಕಟ್ಟುವುದು. ನನ್ನ ತಕರಾರು ಇರುವುದು ಇಲ್ಲಿಯೇ.

ಗಾಡಿಯ ಎಚ್ಚರಿಕೆಯ ಸದ್ದುಗಳಲ್ಲಿ ಎರಡು ಜಾತಿ. ಒಂದು, ಓಡಿಸುವವನಿಗೆ ಹೇಳುವುದು: ಇಂಡಿಕೇಟರ್ ಆಫ್ ಮಾಡಿಲ್ಲ, ಬೆಲ್ಟ್ ಹಾಕಿಲ್ಲ, ಲೈಟ್ ಉರಿಯುತ್ತಿದೆ, ಸೈಡ್ ಸ್ಟ್ಯಾಂಡ್ ಕೆಳಗಿದೆ. ಇನ್ನೊಂದು, ಹೊರಗಿನವರಿಗೆ ಹೇಳುವುದು: ಹಾರ್ನ್ ಮತ್ತು ರಿವರ್ಸ್ ಬಜರ್. ಮೊದಲನೆಯದನ್ನು ನಾವು ಕಿರಿಕಿರಿ ಎಂದು ವೈರ್ ಕಿತ್ತು ಬಾಯಿ ಮುಚ್ಚಿಸುತ್ತೇವೆ. ಎರಡನೆಯದನ್ನು ಇಡೀ ಓಣಿಗೆ ಕೇಳುವಷ್ಟು ಏರಿಸುತ್ತೇವೆ. ಆಗಬೇಕಾದದ್ದು ಇದರ ತಿರುಗಾಮುರುಗ.

ಹೊಸಪೇಟೆಯ ಚಿತ್ತವಾಡ್ಗಿಯಂಥ ಕಡೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸಂಡೂರು ಕಡೆಯ ಅದಿರಿನ ಲಾರಿ, ಕಂಪ್ಲಿ ಕಡೆಯ ಕಬ್ಬು ಹೊತ್ತ ಟ್ರ್ಯಾಕ್ಟರ್, ಹಂಪಿಗೆ ಹೋಗುವ ಟೂರಿಸ್ಟ್ ಕಾರು, ನಡುವೆ ಆಟೊ, ಸೈಕಲ್, ಶಾಲೆ ಮಕ್ಕಳು. ಎಲ್ಲರೂ ಹಾರ್ನ್ ಹೊಡೆಯುವ ಕಡೆ ಯಾರ ಹಾರ್ನೂ ಯಾರಿಗೂ ಮುಟ್ಟುವುದಿಲ್ಲ. "ಸಣ್ಣ ಹಾರ್ನ್ ಇಟ್ಟುಕೊಂಡರೆ ಟಿಪ್ಪರ್‌ನವನು ದಾರಿ ಬಿಡುವುದಿಲ್ಲ ಮಾರಾಯ್ರೆ" ಎನ್ನುವವರಿದ್ದಾರೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಇಂಜಿನ್ ಆರ್ಭಟದ ನಡುವೆ ಎತ್ತರದ ಕ್ಯಾಬಿನ್‌ನಲ್ಲಿ ಕೂತ ಅವನಿಗೆ ನಿಮ್ಮ ಪ್ರೆಶರ್ ಹಾರ್ನ್ ಕೇಳುವ ಮೊದಲು, ಪಕ್ಕದಲ್ಲಿ ಸೈಕಲ್ ತುಳಿಯುವ ಹುಡುಗನ ಎದೆ ಒಡೆದಿರುತ್ತದೆ. ಅವನು ಬೆಚ್ಚಿ ಹ್ಯಾಂಡಲ್ ತಿರುಗಿಸುವುದು ಯಾವ ಕಡೆಗೆ ಎಂದು ಯಾರಿಗೆ ಗೊತ್ತು?

ಕಾನೂನಿನ ಮಾತೂ ಅಷ್ಟೇ ಸ್ಪಷ್ಟ. ಕೇಂದ್ರ ಮೋಟಾರು ವಾಹನ ನಿಯಮ 119ರ ಪ್ರಕಾರ ಒಂದಾದ ಮೇಲೊಂದು ಬೇರೆ ಬೇರೆ ಸ್ವರ ಹೊರಡಿಸುವ ಹಾರ್ನ್ ಹಾಕುವಂತಿಲ್ಲ. ಅತಿ ಕರ್ಕಶವಾದ, ಬೆಚ್ಚಿಬೀಳಿಸುವ ಸದ್ದಿನ ಸಾಧನಕ್ಕೂ ಅವಕಾಶವಿಲ್ಲ. ಆಂಬುಲೆನ್ಸ್, ಅಗ್ನಿಶಾಮಕದಂಥ ವಾಹನಗಳಿಗೆ ಮಾತ್ರ ವಿನಾಯಿತಿ. 2019ರ ತಿದ್ದುಪಡಿಯಲ್ಲಿ ಬಂದ 194ಎಫ್ ಕಲಂ ಪ್ರಕಾರ ಅನಗತ್ಯವಾಗಿ ಹಾರ್ನ್ ಬಾರಿಸಿದರೆ ಮೊದಲ ಸಲ 1,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 2,000 ರೂಪಾಯಿ ದಂಡ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಎಂದು ಘೋಷಿಸಬಹುದು ಎಂಬುದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲೇ ಇದೆ.

ಹಾಗಾದರೆ ಸ್ವರ ಕುಗ್ಗಿದ ಹಾರ್ನ್‌ಗೆ ಏನು ಮಾಡುವುದು? ಬದಲಿಸುವ ಮೊದಲು ರಿಪೇರಿ ಮಾಡಿ ನೋಡುವುದು. ಹಾರ್ನ್ ಸಣ್ಣಗಾಗಲು ಹೆಚ್ಚಿನ ಸಲ ಕಾರಣ ಹಾರ್ನ್ ಅಲ್ಲ, ಅದಕ್ಕೆ ಕರೆಂಟ್ ಸರಿಯಾಗಿ ತಲುಪದಿರುವುದು. ಪರೀಕ್ಷೆ ಸುಲಭ. ಬ್ಯಾಟರಿಯಿಂದ ಫ್ಯೂಸ್ ಇರುವ ಎರಡು ವೈರ್ ನೇರ ಎಳೆದು ಹಾರ್ನ್‌ಗೆ ಮುಟ್ಟಿಸಿ. ಜೋರಾಗಿ ಕೂಗಿದರೆ ಹಾರ್ನ್ ಗಟ್ಟಿಯಾಗಿದೆ, ರೋಗ ಇರುವುದು ವೈರಿಂಗ್‌ನಲ್ಲಿ. ಅರ್ಥಿಂಗ್ ಬೋಲ್ಟ್ ತುಕ್ಕು ಹಿಡಿದಿದ್ದರೆ ಉಪ್ಪುಕಾಗದದಲ್ಲಿ ಉಜ್ಜಿ, ಕನೆಕ್ಟರ್‌ನ ಹಸಿರು ಕಿಲುಬು ತೆಗೆಯಿರಿ. ಉಪ್ಪುಗಾಳಿಯ ಊರಿನಲ್ಲಿ ಓಡಿ ಬಂದ ಕರಾವಳಿಯ ಗಾಡಿಗಳಿಗಂತೂ ಅರ್ಧ ಕಾಯಿಲೆ ಇದೇ. ಆಮೇಲೂ ಸೊರಗಿದ್ದರೆ ರಿಲೇ ಹಾಕಿಸಿ. ಹಾರ್ನ್ ಎಳೆಯುವ ಕರೆಂಟೆಲ್ಲ ಸ್ಟಿಯರಿಂಗ್‌ನ ಸಣ್ಣ ಸ್ವಿಚ್ ಮೂಲಕ ಸುತ್ತಿ ಬರುವ ಬದಲು ಬ್ಯಾಟರಿಯಿಂದ ನೇರ ಬರುತ್ತದೆ, ಸ್ವಿಚ್ ಬರೀ ಸನ್ನೆ ಕೊಡುತ್ತದೆ. ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲೇಬೇಕು. ಫ್ಯೂಸ್ ಇಲ್ಲದ ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಗಾಡಿಯೇ ಹೊತ್ತಿಕೊಳ್ಳಬಹುದು. ಇಷ್ಟು ಮಾಡಿದರೆ ಕಂಪನಿ ಕೊಟ್ಟ ಹಾರ್ನೇ ಹೊಸದರಂತೆ ಕೂಗುತ್ತದೆ.

ಇನ್ನು ಒಳಗಿನ ಸದ್ದು. ಇದನ್ನು ಯಾಕೆ ಜೋರು ಮಾಡಬೇಕು ಎಂದರೆ, ಹಳೆ ಗಾಡಿಗಳನ್ನು ಹೆಚ್ಚಾಗಿ ಓಡಿಸುವವರು ನಮ್ಮ ಹಿರಿಯರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 60 ದಾಟಿದವರಲ್ಲಿ ನೂರಕ್ಕೆ 25ಕ್ಕಿಂತ ಹೆಚ್ಚು ಜನರಿಗೆ ಬದುಕಿಗೆ ತೊಡಕಾಗುವಷ್ಟು ಕಿವಿ ಮಂದವಾಗಿರುತ್ತದೆ. ವಯಸ್ಸಿನಿಂದ ಕಿವಿ ಮಂದವಾಗುವಾಗ ಮೊದಲು ಹೋಗುವುದು ಕೀಚಲು ಸ್ವರ. ಮನೆಯಲ್ಲಿ ಮಾತಾಡಿದರೆ ಕೇಳುತ್ತದೆ, ಆದರೆ ಡ್ಯಾಶ್‌ಬೋರ್ಡ್‌ನ ಸಣ್ಣ 'ಪೀಂ' ಕೇಳುವುದಿಲ್ಲ. "ಉಪ್ಪ, ಇಂಡಿಕೇಟರ್ ಹಾಗೇ ಇದೆ" ಎಂದು ಹಿಂದಿನ ಸೀಟಿನಿಂದ ಹೇಳುವವರು ಇಲ್ಲದ ದಿನ, ಬಲಕ್ಕೆ ತಿರುಗುತ್ತಾರೆಂದು ನಂಬಿ ಎಡದಿಂದ ನುಗ್ಗಿದ ಬೈಕಿನವನಿಗೆ ಏನಾಗಬೇಕು?

ಇದಕ್ಕೆ ದುಡ್ಡು ಹೆಚ್ಚು ಬೇಡ, ಸ್ವಲ್ಪ ತಿಳಿವಳಿಕೆ ಸಾಕು. ಮೊದಲನೆಯದು ಜಾಗ. ಸದ್ದಿನ ಮೂಲದಿಂದ ಕಿವಿಗೆ ಇರುವ ದೂರ ಅರ್ಧವಾದರೆ ಬಯಲಿನಲ್ಲಿ ಸುಮಾರು 6 ಡೆಸಿಬಲ್ ಹೆಚ್ಚು ಕೇಳುತ್ತದೆ. ಗಾಡಿಯೊಳಗೆ ಲೆಕ್ಕ ಚೂರು ಆಚೀಚೆ, ಆದರೆ ಲಾಭವಂತೂ ಇದೆ. ಡ್ಯಾಶ್‌ಬೋರ್ಡ್‌ನ ಆಳದಲ್ಲಿ ಧೂಳು ತಿಂದುಕೊಂಡು ಕೂತ ಬಜರನ್ನು ಒರೆಸಿ ಸ್ಟಿಯರಿಂಗ್ ಕಾಲಂ ಹತ್ತಿರಕ್ಕೆ ತಂದರೆ ಅರ್ಧ ಕೆಲಸ ಮುಗಿಯಿತು. ಎರಡನೆಯದು ಸ್ವರ. ಹೊಸ ಬಜರ್ ಕೊಳ್ಳುವಾಗ ಕೀಚಲು ಬೀಪ್ ಬೇಡ, ದಪ್ಪ ಸ್ವರದ್ದನ್ನು ಕೇಳಿ. ಗಾಡಿ ಓಡಿಸುವ ಹಿರಿಯರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಅವರ ಕಿವಿಗೆ ಕೇಳುವುದನ್ನೇ ಆರಿಸಿ. ಮೂರನೆಯದು ಜೋಡಣೆ. ಒಂದೇ ಬಜರನ್ನು ಎಡ, ಬಲ ಎರಡೂ ಇಂಡಿಕೇಟರ್ ವೈರ್‌ಗೆ ನೇರ ಸೇರಿಸಿದರೆ ಎರಡೂ ಕಡೆಯ ಬಲ್ಬ್ ಒಟ್ಟಿಗೆ ಮಿನುಗತೊಡಗುತ್ತವೆ. ಪ್ರತಿ ವೈರ್‌ಗೆ ಒಂದೊಂದು ಡಯೋಡ್ ಹಾಕಬೇಕು. ಎಲೆಕ್ಟ್ರಿಷಿಯನ್ ಇದನ್ನು ಮರೆತರೆ ನೀವು ನೆನಪಿಸಿ. ಇಂಡಿಕೇಟರ್ ಟಿಕ್ ಟಿಕ್ ಒಮ್ಮೆಲೇ ಅವಸರದಲ್ಲಿ ಹೊಡೆದುಕೊಂಡರೆ ಒಂದು ಬಲ್ಬ್ ಹೋಗಿದೆ ಎಂದೇ ಎಷ್ಟೋ ಗಾಡಿಗಳಲ್ಲಿ ಅರ್ಥ. ಆ ಸದ್ದೂ ಒಂದು ಸುದ್ದಿ, ಅದನ್ನು ಮುಚ್ಚಬೇಡಿ.

ಏರ್‌ಬ್ಯಾಗ್ ಇರುವ ಕಾರಿನಲ್ಲಿ ಮಾತ್ರ ಡ್ಯಾಶ್‌ಬೋರ್ಡ್ ಬಿಚ್ಚುವ ಸಾಹಸ ಮನೆಯಲ್ಲಿ ಬೇಡ. ಸಾಮಾನ್ಯವಾಗಿ ಹಳದಿ ಬಣ್ಣದಲ್ಲಿರುವ ಆ ಕನೆಕ್ಟರ್‌ಗಳನ್ನು ಬಲ್ಲವರೇ ಮುಟ್ಟಬೇಕು.

ರಿವರ್ಸ್ ಬಜರ್‌ನ ಕಥೆ ಬೇರೆ. ಅದು ಹೊರಗಿನ ಸದ್ದು ಹೌದು, ಆದರೆ ಕೇಳಬೇಕಾದ ಸದ್ದು. ಮನೆ ಅಂಗಳದಲ್ಲಿ, ಮಂಡಿಯ ಮುಂದೆ, ಗಲ್ಲಿಯಲ್ಲಿ ಪಿಕಪ್ ಹಿಂದೆ ಸರಿಯುವಾಗ ಅಲ್ಲಿ ಆಡುವ ಮೂರು ವರ್ಷದ ಮಗು ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ. ಆದ್ದರಿಂದ ಅದು ಕೆಟ್ಟಿದ್ದರೆ ನಾಳೆಗೆ ಮುಂದೂಡಬೇಡಿ. ರಿವರ್ಸ್ ಲೈಟಿನ ವೈರ್‌ಗೆ ಜೋಡಿಸಿ, ಬಾಯಿ ಬಂಪರ್ ಹಿಂದೆ ಮುಚ್ಚಿಹೋಗದಂತೆ ನೆಲದ ಕಡೆಗೆ ತುಸು ಬಾಗಿಸಿ ಕೂರಿಸಿ. ಕಾರು, ಪಿಕಪ್‌ಗೆ 12 ವೋಲ್ಟ್, ದೊಡ್ಡ ಲಾರಿಗೆ 24 ವೋಲ್ಟ್, ನೋಡಿ ಕೊಳ್ಳಿ. ಹಾಡು ಹೇಳುವ ರಿವರ್ಸ್ ಹಾರ್ನ್ ಬೇಡವೇ ಬೇಡ. ಮಗು ಹಾಡು ಕೇಳಿದರೆ ದೂರ ಓಡುವುದಿಲ್ಲ, ಹತ್ತಿರ ಬರುತ್ತದೆ. ಬಜರ್ ಎಷ್ಟೇ ಚೆನ್ನಾಗಿದ್ದರೂ ಹಿಂದೆ ಒಬ್ಬರು ಇಳಿದು ನಿಂತು ನೋಡುವುದಕ್ಕೆ ಅದು ಬದಲಿ ಅಲ್ಲ.

2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಬೆಲ್ಟ್ ನೆನಪಿಸುವ ಬೀಪ್, ವೇಗ ಗಂಟೆಗೆ 80 ಕಿ.ಮೀ. ದಾಟಿದರೆ ಎಚ್ಚರಿಸುವ ಬೀಪ್, ರಿವರ್ಸ್ ಸೆನ್ಸರ್ ಕಡ್ಡಾಯವಾಗಿವೆ. ವಿಚಿತ್ರವೆಂದರೆ, ಆ ಬೀಪ್ ಬಾಯಿ ಮುಚ್ಚಿಸಲು ಬೆಲ್ಟ್ ಬಕಲ್‌ಗೆ ಸಿಕ್ಕಿಸುವ ಸುಳ್ಳು ಕ್ಲಿಪ್‌ಗಳ ವ್ಯಾಪಾರ ಎಷ್ಟು ಬೆಳೆಯಿತೆಂದರೆ, 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೇ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಅವನ್ನು ತೆಗೆಯಲು ಆದೇಶಿಸಬೇಕಾಯಿತು. ಹಳೆ ಗಾಡಿಯವರು ಇಲ್ಲದ ಬೀಪನ್ನು ದುಡ್ಡು ಕೊಟ್ಟು ಕೂರಿಸಬೇಕು, ಹೊಸ ಗಾಡಿಯವರು ಇರುವುದನ್ನು ದುಡ್ಡು ಕೊಟ್ಟು ಸಾಯಿಸುತ್ತಾರೆ. ಇದಕ್ಕೆ ಏನನ್ನಬೇಕು?

ಊರಲ್ಲಿ ಗ್ಯಾರೇಜ್, ಆಟೋ ಎಲೆಕ್ಟ್ರಿಕಲ್ ಅಂಗಡಿ ನಡೆಸುವ ನಮ್ಮ ಹುಡುಗರಿಗೂ ಒಂದು ಮಾತು. ಗಿರಾಕಿ ಬಂದು "ದೊಡ್ಡ ಹಾರ್ನ್ ಹಾಕಿ ಭಾಯಿ" ಎಂದಾಗ, ಮೊದಲು ಅರ್ಥಿಂಗ್ ನೋಡಿ. ಅದರಲ್ಲಿ ಲಾಭ ಕಡಿಮೆ, ಗೊತ್ತು. ಆದರೆ ಐದು ನಿಮಿಷದಲ್ಲಿ ಹಳೇ ಹಾರ್ನ್ ಕೂಗಿಸಿ ಕಳಿಸಿದವನ ಅಂಗಡಿಗೆ ಗಿರಾಕಿ ಮುಂದಿನ ಸಲ ತಮ್ಮನ ಗಾಡಿಯನ್ನೂ ತರುತ್ತಾನೆ. ಮನೆಯವರಿಗೆ ಇನ್ನೂ ಸುಲಭದ ಕೆಲಸ: ಈ ವಾರ ಬಿಡುವಿದ್ದಾಗ ಗಾಡಿ ನಿಲ್ಲಿಸಿ ಒಂದೊಂದೇ ಸ್ವಿಚ್ ಒತ್ತಿ ನೋಡಿ. ಒಬ್ಬರು ಒಳಗೆ ಕೂರಿ, ಒಬ್ಬರು ಹಿಂದೆ ನಿಲ್ಲಿ. ಯಾವುದು ಕೇಳುತ್ತದೆ, ಯಾವುದು ಕೇಳುವುದಿಲ್ಲ ಎಂದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಕೇಳದಿದ್ದದ್ದನ್ನು ಮಾತ್ರ ಸರಿ ಮಾಡಿಸಿ. ಕೇಳುವುದನ್ನು ಇದ್ದ ಹಾಗೇ ಬಿಡಿ.