ಭೂಪಟವೂ ಜನತೆಯೂ

ಯುರೋಪ ಖಂಡದ ಭೂಗೋಲವನ್ನು ಕಲಿಸುವುದೆಂದರೆ ರಾಜಧಾನಿಗಳ ಪಟ್ಟಿಯನ್ನು ಕಂಠಪಾಠ ಮಾಡಿಸುವುದೆಂದು ನಾವು ತಿಳಿಯಲಾರೆವು. ನದಿ, ನಗರ, ನುಡಿಗಳ ಸಂಬಂಧವನ್ನು ತಿಳಿಸದ ಪಾಠವು ಪರೀಕ್ಷೆಯ ಮರುದಿನವೇ ಮರೆತುಹೋಗುವುದು.

ಪೋಲಂಡ ದೇಶವನ್ನೇ ನೋಡಿರಿ. ರಶಿಯಾ, ಪ್ರಶಿಯಾ, ಆಸ್ಟ್ರಿಯಾಗಳು 1772ರಿಂದ 1795ರೊಳಗೆ ಅದನ್ನು ಹರಿದು ಹಂಚಿಕೊಂಡು ಭೂಪಟದಿಂದಲೇ ಅಳಿಸಿದವು. 19ನೆಯ ಶತಮಾನದ ಕೊನೆಗೆ ವಿಸ್ಚುಲಾ ನದಿಯ ದಡದ ಕ್ರಾಕೋ ನಗರವು ಆಸ್ಟ್ರಿಯಾದ, ವಾರ್ಸಾ ರಶಿಯಾದ, ನದೀಮುಖದ ಬಳಿಯ ಡಾಂಜಿಗ್ ಜರ್ಮನಿಯ ಅಧೀನದಲ್ಲಿದ್ದವು. ನದಿಯೊಂದು, ಒಡೆಯರು ಮೂವರು! 1901ರಲ್ಲಿ ವ್ಝೆಶ್ನಿಯಾ ಊರಿನ ಶಾಲೆಯ ಮಕ್ಕಳು ಧರ್ಮಪಾಠವನ್ನು ಜರ್ಮನ್ ನುಡಿಯಲ್ಲಿ ಒಪ್ಪಿಸಲೊಲ್ಲದೆ ಬೆತ್ತದೇಟು ತಿಂದರು. ಅಂಥ ನುಡಿನಿಷ್ಠೆಯು ಉಳಿದಿದ್ದುದರಿಂದಲೇ 1918ರಲ್ಲಿ ಅವಕಾಶವೊದಗಿದಾಗ ಪೋಲಂಡವು ಮರಳಿ ಒಂದಾಗಬಲ್ಲುದಾಯಿತು.

ಪರದೇಶದ ಕಥೆ ನಮಗೇಕೆಂದು ಕೇಳುವವರುಂಟು. ತುಂಗಭದ್ರೆಯ ಕನ್ನಡ ದಡಗಳೂ ಒಮ್ಮೆ ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದುಗಳ ಪಾಲಾಗಿದ್ದು, 1956ರ ಹೊತ್ತಿಗೆ ಒಂದೇ ರಾಜ್ಯದೊಳಗೆ ಬಂದುವು. ಇದನ್ನು ಬಲ್ಲ ಬಾಲಕನಿಗೆ ವಿಸ್ಚುಲಾ ಪರರ ನದಿಯೆನಿಸದು. ವಿಸ್ಚುಲಾದ ಕಥೆಯನ್ನು ಬಲ್ಲವನಿಗೆ ತುಂಗಭದ್ರೆಯ ಬೆಲೆಯೂ ಹೆಚ್ಚುವುದು.

ಉಪಾಧ್ಯಾಯ ಬಂಧುಗಳು ಭೂಪಟವನ್ನು ಗೋಡೆಗೆ ತೂಗಿಸಿದೊಡನೆ, ಅದರ ಗೆರೆಗಳನ್ನು ಎಳೆದವರಾರು, ಆ ಗೆರೆಗಳ ನಡುವೆ ಬಾಳಿದವರಾರು ಎಂಬುದನ್ನೇ ಮೊದಲು ಹೇಳಬೇಕೆಂದು ನಾವು ಬಿನ್ನವಿಸುತ್ತೇವೆ.